ಹೇಸರಗತ್ತೆ ಲಾಯ, ನಂಬರ್ ಏಳು

ಸ್ಟೇಷನ್ ರಸ್ತೆ, ವಿಜಾಪುರ
೯ ಜೂನ್ ೧೯೭೪

ಅಬ್ಬಾ ಅವರಿಗೆ,

ಸಲಾಮ್. ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಸಿಕ್ಕಿದೆ ಎಂದು ತಿಳಿಸುವುದಕ್ಕಷ್ಟೇ ಈ ಪತ್ರ ಎಂದು ಅಮ್ಮಾನಿಗೆ ಹೇಳಿ. ಆಕೆ ಬೇರೆ ಏನೂ ಅರ್ಥ ಮಾಡಿಕೊಳ್ಳುವುದು ಬೇಡ.

ಮಿಲಿಟರಿಯ ವಶದಲ್ಲಿರುವ ಜಮೀನುಗಳಲ್ಲಿ ಹಳೆಯ ಕಟ್ಟಡಗಳು ಎಷ್ಟಿವೆ, ಹೇಗಿವೆ ಎಂದು ಪಟ್ಟಿ ಮಾಡುವ ಕೆಲಸ. ಆರು ತಿಂಗಳ ಹಂಗಾಮಿ. ನಮ್ಮ ಕಚೇರಿಯೂ ಒಂದು ಹಳೆಯ ಮಹಲಿನಲ್ಲೇ ಇದೆ. ಅದರ ಅತ್ಯಂತ ಸುಂದರವಾದ ಗೂಡಿಗೆ ಇಟ್ಟಿಗೆ ತುಂಬಿ ವಿದ್ಯುತ್ ಮೀಟರ್ ಕೂರಿಸಿದ್ದಾರೆ. ಮುಖ್ಯಸ್ಥರು ಶಾಂತಪ್ಪನವರು. ಹನ್ನೊಂದು ವರ್ಷಗಳಿಂದ ಕುರ್ಚಿ ಬಿಟ್ಟು ಏಳದೆ ಜಿಲ್ಲೆಯ ಇತಿಹಾಸವನ್ನು ಕಾಯುತ್ತಿದ್ದಾರೆ. ಒಂದು ಕಲ್ಲಿನ ಮೇಲಿನ ಬರಹವನ್ನು ಯಾರಿಂದ ಓದಿಸುವುದೆಂದು ಕೇಳಿದೆ. "ಓದಿಸಿ ಏನ್ ಮಾಡಾಂವ ಇದ್ದಿ? ಎಷ್ಟ್ ಫೂಟ್ ಐತಿ ಬರಿ, ಸಾಕು" ಎಂದರು. ನಾನು ಫೂಟು ಬರೆದೆ. ಎದುರಿಗೆ ನಿಂತು ಮಾತಾಡಲು ನನಗೆ ಬರುವುದಿಲ್ಲ, ನಿಮಗೆ ಗೊತ್ತು.

ನಿಮ್ಮನ್ನು ಒಂದು ವಿಷಯ ಕೇಳಬೇಕು. ತಿಕೋಟಾ ಮತ್ತು ಹೊನವಾಡದ ನಡುವಿನ ಚಾಂದಮಾರಿ, ಅಂದರೆ ಸಿಪಾಯಿಗಳು ಗುಂಡು ಹೊಡೆಯಲು ಕಲಿಯುವ ಆ ಬಯಲು, ನನ್ನ ಪಾಲಿಗೆ ಬಂದಿದೆ. ಅಲ್ಲಿರುವ ಏಳು ಕಮಾನಿನ ಮಹಲು ನೆನಪಿದೆಯಲ್ಲ? ನಾನು ಚಿಕ್ಕವನಿದ್ದಾಗ ಬಸ್ಸಿನ ಕಿಟಕಿಯಿಂದ ನೀವೇ ತೋರಿಸಿದ್ದಿರಿ. ಒಳಗೋಡೆಯಲ್ಲಿ ಸುಣ್ಣದ ಗಚ್ಚಿನಲ್ಲಿ ಮಾಡಿದ ಗಿಳಿಗಳಿವೆ, ದಾಳಿಂಬೆ ಗಿಡವಿದೆ ಎಂದು ಹೇಳಿದ್ದಿರಿ. ಮಿಲಿಟರಿಯವರ ರಿಜಿಸ್ಟರಿನ ನಕಲು ನಮ್ಮಲ್ಲಿಗೆ ಬಂದಿದೆ. ಅದರಲ್ಲಿ ಆ ಮಹಲು ಹೀಗಿದೆ: "ನಂಬರ್ ಏಳು. ಹೇಸರಗತ್ತೆ ಲಾಯ. ಹದಿನಾಲ್ಕು ಪಶುಗಳಿಗೆ."

ಮುನ್ನೂರು ವರ್ಷದ ಗಿಳಿಗಳ ಕೆಳಗೆ ಹೇಸರಗತ್ತೆ! ನೀವು ಆ ಚಾಂದಮಾರಿಯ ಉಗ್ರಾಣದಲ್ಲಿ ಇಪ್ಪತ್ತಾರು ವರ್ಷ ಕಾರಕೂನರಾಗಿದ್ದಿರಿ. ದಿನಾ ನೋಡಿರಬೇಕು. ಒಂದು ದಿನವಾದರೂ ಬಾಯಿ ತೆರೆದಿರಾ?

ಇಸಾಕ

•

ತಿಕೋಟಾ
೧೫ ಜೂನ್ ೧೯೭೪

ಚಿ. ಇಸಾಕನಿಗೆ,

ನಿನ್ನ ಪತ್ರ ೧೨ರಂದು ತಲುಪಿತು. ಕೆಲಸ ಸಿಕ್ಕಿದ್ದು ಸಂತೋಷ.

ಚಾಂದಮಾರಿಯಲ್ಲಿ ಹಳೆಯ ಕಟ್ಟಡಗಳು ಏಳು. ಅವುಗಳಲ್ಲಿ ಒಂದರಿಂದ ಆರರವರೆಗೆ ನಿನಗೆ ತಿಳಿದಂತೆ ಬರೆ. ಏಳನ್ನು ಬರೆಯಬೇಡ. ರಿಜಿಸ್ಟರಿನಲ್ಲಿ ಹೇಗಿದೆಯೋ ಹಾಗೆಯೇ ಇರಲಿ. ಕಾರಣವನ್ನು ಕಾಗದದ ಮೇಲೆ ಬರೆಯುವಂತಿಲ್ಲ. ಭಾನುವಾರ ಬಾ, ಹೇಳುತ್ತೇನೆ.

ನಿನ್ನ ತಾಯಿ ಹೀಗೆ ಬರೆಯಲು ಹೇಳಿದ್ದಾಳೆ: "ಎರಡ್ ವರ್ಷದಾಗ ಒಂದ್ ಕಾಗದ ಬರದಾನ, ಅದ್ರಾಗೂ ಕತ್ತಿ ಸುದ್ದಿ. ಉಂಡೀಯೋ ಇಲ್ಲೋ ಅದನ್ ಬರಿಯಂತ ಹೇಳ್ರಿ."

ಮಲಂಗಸಾಬ
(ನಿವೃತ್ತ ಉಗ್ರಾಣ ಕಾರಕೂನ)

•

ವಿಜಾಪುರ
೨೪ ಜೂನ್ ೧೯೭೪

ಅಬ್ಬಾ ಅವರಿಗೆ,

ಭಾನುವಾರ ಬರಲಿಲ್ಲ. ಬರುವ ಅಗತ್ಯ ಕಾಣಲಿಲ್ಲ. ಕಾರಣ ಏನಿದ್ದೀತೆಂದು ಊಹಿಸಬಲ್ಲೆ. ಸಾಹೇಬರಿಗೆ ಬೇಜಾರಾಗುತ್ತದೆ, ಅಷ್ಟೇ ತಾನೆ? ಐದು ವರ್ಷದ ಹಿಂದೆ ನಿವೃತ್ತರಾದವರು ನೀವು. ಇನ್ನೂ ಅವರ ಬೇಜಾರು ನಿಮ್ಮನ್ನು ಬಿಟ್ಟಿಲ್ಲ.

ಒಂದು ಘಟನೆ ಬರೆಯುತ್ತೇನೆ, ನೀವು ಮರೆತಿರಬಹುದು. ನಾನು ಮೂರನೆಯ ಇಯತ್ತೆಯಲ್ಲಿದ್ದೆ. ನಿಮಗೆ ಬುತ್ತಿ ಕೊಡಲು ಅಮ್ಮಾ ಕಳಿಸಿದ್ದಳು. ಸುಡುಬಿಸಿಲು. ಕ್ಯಾಪ್ಟನ್ ಸಾಹೇಬರು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ನಾಯಿ ಬಯಲಿನಲ್ಲಿ ಮಲಗಿತ್ತು. ನೀವು ಆ ನಾಯಿಗೆ ಛತ್ರಿ ಹಿಡಿದುಕೊಂಡು ನಿಂತಿದ್ದಿರಿ. ನಾನು ಬುತ್ತಿಯನ್ನು ಬೇಲಿಯ ಹತ್ತಿರವೇ ಇಟ್ಟು ಮನೆಗೆ ಬಂದೆ. ನನ್ನ ಬಿ.ಎ. ಮುಗಿದ ಮೇಲೆ ಅದೇ ಉಗ್ರಾಣದಲ್ಲಿ ನನಗೂ ಒಂದು ಸ್ಟೂಲು ಸಿಗುವಂತೆ ಮಾಡಿ ಬಂದಿರಲ್ಲ, ಆ ದಿನ ನಾನು ಊಟ ಬಿಟ್ಟು ಎದ್ದದ್ದು ಏಕೆಂದು ಈಗಲಾದರೂ ತಿಳಿಯಲಿ.

ನಂಬರ್ ಏಳರ ಬಗ್ಗೆ ನಾಲ್ಕು ಪುಟ ಬರೆದಿದ್ದೇನೆ. ಶಾಂತಪ್ಪನವರು ಅದನ್ನು ಮೊನ್ನೆಯೇ ಮೇಲಿನ ಕಚೇರಿಗೆ ಕಳಿಸಿದರು. ಒಂದು ಪ್ಯಾರಾ ನಿಮಗಾಗಿ ನಕಲು ಮಾಡುತ್ತೇನೆ:

"ಒಳಗೆ ಹೆಜ್ಜೆಯಿಟ್ಟೊಡನೆ ಹೇಸರಗತ್ತೆಗಳ ಮೂತ್ರದ ಘಾಟು ಮೂಗಿಗೆ ಬಡಿಯುತ್ತದೆ. ಯಾರೋ ಒಬ್ಬ ಅನಾಮಿಕ ಶಿಲ್ಪಿ ಗಚ್ಚಿನಲ್ಲಿ ಅರಳಿಸಿದ ದಾಳಿಂಬೆಯ ಕೊಂಬೆಗೆ ಇಂದು ಪಶುಗಳು ಮೈಯುಜ್ಜುತ್ತಿವೆ. ಸೌಂದರ್ಯವನ್ನು ಕಂಡಲ್ಲೆಲ್ಲ ಅದಕ್ಕೆ ಲಗಾಮು ಹಾಕಿ ಕಟ್ಟುವವರ ಕೈಯಲ್ಲಿ ಈ ನಾಡಿನ ಚರಿತ್ರೆ ಸಿಕ್ಕಿಕೊಂಡಿದೆ."

ಒಬ್ಬರಾದರೂ ಬಾಯಿ ತೆರೆದರು ಎಂದು ಆ ಗಿಳಿಗಳಾದರೂ ತಿಳಿದುಕೊಳ್ಳಲಿ.

ಊಟ ಮಾಡುತ್ತಿದ್ದೇನೆ ಎಂದು ಅಮ್ಮಾನಿಗೆ ಹೇಳಿ.

ಇಸಾಕ

•

ತಿಕೋಟಾ
೩೦ ಜೂನ್ ೧೯೭೪

ಇಸಾಕನಿಗೆ,

ವರದಿ ಹೋಗಿಯಾಯಿತು ಎಂದ ಮೇಲೆ ಬಚ್ಚಿಡುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಓದಿದ ಮೇಲೆ ಹರಿದುಹಾಕು.

ಮೊದಲು ಒಂದು ಪ್ರಶ್ನೆ. ಜೂನ್ ೧೦ರಿಂದ ೨೨ರವರೆಗೆ ಚಾಂದಮಾರಿಯ ಮೇಲೆ ಕೆಂಪು ಬಾವುಟ ಇತ್ತು. ನಮ್ಮ ಮಾಳಿಗೆಯಿಂದ ಕಾಣುತ್ತದೆ. ಬಾವುಟ ಏರಿದಾಗ ಗುಂಡು ಹಾರುತ್ತವೆ, ಯಾರನ್ನೂ ಒಳಗೆ ಬಿಡುವುದಿಲ್ಲ. ನೀನು ಒಳಗೆ ಹೆಜ್ಜೆಯಿಟ್ಟದ್ದು ಯಾವ ದಿನ? ಯಾವ ಮೂಗಿನಿಂದ ಘಾಟು ತೆಗೆದುಕೊಂಡೆ?

ನಂಬರ್ ಏಳರಲ್ಲಿ ಇಂದಿನವರೆಗೆ ಒಂದು ಹೇಸರಗತ್ತೆಯೂ ಕಾಲಿಟ್ಟಿಲ್ಲ.

೧೯೪೭ರ ನವೆಂಬರಿನಲ್ಲಿ ಬಿಳಿಯರ ಪಲ್ಟನ್ ನಮ್ಮವರಿಗೆ ಚಾಂದಮಾರಿಯನ್ನು ಒಪ್ಪಿಸಿ ಹೋಯಿತು. ಬಯಲಿನಲ್ಲಿ ನಿಂತಿದ್ದನ್ನೆಲ್ಲ ಹೊಸ ರಿಜಿಸ್ಟರಿಗೆ ಏರಿಸಬೇಕಾಗಿತ್ತು. ಅಕ್ಷರ ಚೆನ್ನಾಗಿದೆಯೆಂದು ನನಗೆ ಪೆನ್ನು ಕೊಟ್ಟರು. ರಿಜಿಸ್ಟರಿನಲ್ಲಿ ಒಂಬತ್ತು ಬಗೆ ಅಚ್ಚಾಗಿದ್ದವು: ಬ್ಯಾರಕು, ಅಡುಗೆಮನೆ, ಪಾಯಖಾನೆ, ಉಗ್ರಾಣ, ಪಹರೆ ಕೋಣೆ, ಲಾಯ, ಬಾವಿ, ಗೋಡೆ, ನಿರುಪಯುಕ್ತ. ಹತ್ತನೆಯದು ಇರಲಿಲ್ಲ. ನಿರುಪಯುಕ್ತ ಎಂದು ಬರೆದದ್ದನ್ನು ಕೆಡವಿ, ಗುರಿಹಲಗೆಯ ಹಿಂದೆ ಗುಂಡು ತಡೆಯುವ ದಿಬ್ಬಕ್ಕೆ ಕಲ್ಲು ಹಾಕಬೇಕೆಂದು ಆಜ್ಞೆ. ನಾನು ಆ ಒಂಬತ್ತನ್ನೂ ಎರಡು ಸಲ ಓದಿದೆ. ಜತೆಗಿದ್ದ ನಿಯಮದ ಪುಸ್ತಕವನ್ನೂ ಓದಿದೆ. ಬ್ಯಾರಕು ಸೋರಿದರೆ ಸಿಪಾಯಿ ಸಹಿಸಬೇಕು. ಉಗ್ರಾಣ ಸೋರಿದರೆ ಕಾರಕೂನ ಜವಾಬುದಾರ. ಲಾಯಕ್ಕೆ ಮಾತ್ರ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮಾಳಿಗೆ ಬಿರುಕು ಮುಚ್ಚಬೇಕು, ಮಳೆನೀರು ಹರಿದುಹೋಗುವ ದೋಣಿಯ ಕಸ ತೆಗೆಸಬೇಕು, ಬುಡಕ್ಕೆ ನೀರು ನಿಲ್ಲದಂತೆ ಚರಂಡಿ ಮಾಡಬೇಕು ಎಂದಿತ್ತು. ಪಶುವಿಗೆ ಶೀತವಾದರೆ ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತಿತ್ತು.

ನಾನು ಲಾಯ ಎಂದು ಬರೆದೆ. ಎಷ್ಟು ಪಶುಗಳಿಗೆ ಎಂಬ ಕಾಲಮ್ ಖಾಲಿ ಬಿಟ್ಟರೆ ಅನುಮಾನ ಬರುತ್ತದೆಂದು, ಕಮಾನಿಗೆ ಎರಡರಂತೆ ಹದಿನಾಲ್ಕು ಎಂದೂ ಬರೆದೆ. ಸಾಹೇಬರು ಊರು ಬಿಡುವ ಅವಸರದಲ್ಲಿದ್ದರು, ಓದದೆ ಸಹಿ ಹಾಕಿದರು. ಅಂದಿನಿಂದ ಪ್ರತಿ ಜೂನಿನಲ್ಲಿ ಮಿಲಿಟರಿಯ ಗವಂಡಿ ಬಂದು ಆ ಮಾಳಿಗೆಯ ಬಿರುಕು ಮುಚ್ಚಿದ್ದಾನೆ. ನಿಮ್ಮ ಕಚೇರಿಯವರು ಕಾಯುತ್ತಿರುವ ಕಟ್ಟಡಗಳಲ್ಲಿ ಎಷ್ಟರ ಮಾಳಿಗೆ ಸೋರುವುದಿಲ್ಲ, ಶಾಂತಪ್ಪನವರನ್ನು ಕೇಳಿ ನೋಡು.

ಇದರ ಮೇಲೆ ಯಾರ ಕಣ್ಣೂ ಬೀಳದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಅದಕ್ಕಾಗಿ ಕೆಲವು ಸಾಹೇಬರ ನಾಯಿಗಳಿಗೆ ಛತ್ರಿ ಹಿಡಿದದ್ದು ಉಂಟು. ನೀನು ಬೇಲಿಯ ಹತ್ತಿರ ಇಟ್ಟುಹೋದ ಬುತ್ತಿ ಆ ದಿನ ಸಿಕ್ಕಿತು. ಇರುವೆ ಹತ್ತಿದ್ದವು.

ಮಲಂಗಸಾಬ

•

ತಿಕೋಟಾ
೨೮ ಜುಲೈ ೧೯೭೪

ಇಸಾಕನಿಗೆ,

ಒಂದು ತಿಂಗಳಾಯಿತು, ನಿನ್ನಿಂದ ಉತ್ತರವಿಲ್ಲ. ಇದು ನಿನ್ನ ತಾಯಿಯ ಪತ್ರ. ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕೆಂದು ಷರತ್ತು.

"ಏನಲೇ ಇಸಾಕ, ನಾ ರಹಿಮಾಬಿ ಹೇಳಾಕತ್ತೇನಿ, ನಿಮ್ಮ ಅಬ್ಬಾ ಬರಿಯಾಕತ್ತಾನ. ಕೈ ತಡವರಸಾಕತ್ತೈತಿ, ಬರೀರಿ, ಬರೀರಿ. ನಿನ್ನ ಕಾಗದ ಓದಿದ ದಿನದಿಂದ ಈ ಮನಶಾ ದಿನಾ ಮುಂಜಾನೆ ಚಾಂದಮಾರಿ ಬಾಗಲದ ತನಕಾ ಹೋಗ್ತಾನ. ಎರಡೂವರಿ ಮೈಲು. ಪಹರೇದಾವ ಒಳಗ ಬಿಡೂದಿಲ್ಲ. ಅಲ್ಲೇ ನಿಂತು ನೋಡಿ ತಿರುಗಿ ಬರ್ತಾನ. ಈ ವರ್ಷ ಗವಂಡಿ ಬಂದಿಲ್ಲ. ಚೌಕಶಿ ನಡದೈತಂತ, ಅದಕ್ಕ ಯಾರೂ ಕೈ ಹಚ್ಚಬಾರದಂತ. ದೋಣ್ಯಾಗ ಎಲಿ ತುಂಬಿ ನೀರ ನಿಂತೈತಿ, ಅದು ಇವ್ನ ತಲ್ಯಾಗ ಸೋರಾಕತ್ತೈತಿ.

ಮ್ಯಾಲ ಬಬಲೇಶ್ವರದ ಭಾಗಪ್ಪ ಅಂತ ಒಬ್ಬ ಕಂತ್ರಾಟದಾರ ಟೇಪ್ ಹಿಡಕೊಂಡು ಬಂದಿದ್ದ. ಹತ್ತಿ ಗೋದಾಮು ಕಟ್ಟಾಕತ್ತಾನಂತ. ರಿಜಿಸ್ಟರದಾಗಿಂದ ಹೊಡದ ಹಾಕಿದ್ರ ಕಲ್ಲ ಲಿಲಾವ ಆಕ್ಕಾವ, ಕೆತ್ತಿದ ಕಲ್ಲ ಭಾಳ ಛಲೋ ಕುಂದರ್ತಾವ ಅಂತ ನಿಮ್ಮ ಅಬ್ಬಾನ ಮುಂದ ಹೇಳ್ಯಾನ. ಇವ್ನು ಅವಂಗ ಚಾ ಕುಡಿಸಿ ಕಳಿಸ್ಯಾನ! ನಾ ಇದ್ದಿದ್ರ ಅದ ಟೇಪ್ ಅವ್ನ ಕೊಳ್ಳಿಗೆ ಸುತ್ತತಿದ್ದೆ.

ಕಾಲೇಜ ಕಲ್ತಿ, ಭಾರೀ ಕಲ್ತಿ. ನಿಮ್ಮ ಅಬ್ಬಾ ಒಂದ ಸುಳ್ಳ ಬರದು ಇಪ್ಪತ್ತೇಳ ವರ್ಷ ಕಟ್ಟಡ ನಿಲ್ಲಿಸ್ಯಾನ. ನೀ ಒಂದ ಸುಳ್ಳ ಬರದು ಹದಿನೈದ ದಿನದಾಗ ಅದರ ಬುಡಕ್ಕ ಟೇಪ್ ತರಿಸೀದಿ. ಯಾರ ಸುಳ್ಳ ಛಲೋ?"

(ಕೊನೆಯ ಮಾತನ್ನು ಬರೆಯಲು ನಾನು ಒಪ್ಪಲಿಲ್ಲ. ಬರೆಯುತ್ತೇನೆ ಎನ್ನುವವರೆಗೆ ಪೆನ್ನು, ಕಾಗದ ಎರಡನ್ನೂ ಕಸಿದುಕೊಂಡು ನಿಂತಳು. ಬರೆಯಬೇಕಾಯಿತು. — ಮ.)

ರಹಿಮಾಬಿ ಪರವಾಗಿ,
ಮಲಂಗಸಾಬ

•

ವಿಜಾಪುರ
೧೧ ಆಗಸ್ಟ್ ೧೯೭೪

ಅಬ್ಬಾ,

ನಾನು ಒಳಗೆ ಹೋಗಿರಲಿಲ್ಲ. ಬಾಗಿಲವರೆಗೆ ಹೋಗಿದ್ದೆ. ಪಹರೆಯವನನ್ನು ಮಾತಾಡಿಸಲು ಧೈರ್ಯ ಬರಲಿಲ್ಲ. ಅರ್ಧ ಗಂಟೆ ಜಾಲಿ ಗಿಡದ ಕೆಳಗೆ ನಿಂತು ಹೊನವಾಡದಿಂದ ಬಂದ ಬಸ್ಸು ಹತ್ತಿ ವಾಪಸಾದೆ. ಘಾಟನ್ನು ಕೋಣೆಯಲ್ಲಿ ಕೂತು ಬರೆದೆ. ಬರೆಯುವಾಗ ನನಗೆ ನಿಜವಾಗಿಯೂ ವಾಸನೆ ಬಂದಂತಾಗಿತ್ತು.

ವರದಿಯನ್ನು ವಾಪಸು ತರಿಸಲು ಶಾಂತಪ್ಪನವರನ್ನು ಕೇಳಿದೆ. ಮೂರು ದಿನ ಅವರ ಮೇಜಿನ ಎದುರು ನಿಂತು ತಿರುಗಿಬಂದೆ. ನಾಲ್ಕನೆಯ ದಿನ ಮಾತು ಹೊರಟಿತು.

"ಯಾಕೋ ವಾಪಸ್? ಛಂದ ಬರದೀಯಲ್ಲ. ಹನ್ನೊಂದ್ ವರ್ಷದಾಗ ನಾ ಪೂರ್ತಿ ಓದಿದ ವರದಿ ಅದೊಂದ."

"ಅದ್ರಾಗ ತಪ್ಪ ಐತ್ರಿ ಸರ್."

"ಎಷ್ಟ್ ಫೂಟ್ ತಪ್ಪು?"

"ಫೂಟ್ ಅಲ್ರಿ. ನಾ ಒಳಗ ಹೋಗಿರಲಿಲ್ರಿ."

ಅವರು ಕನ್ನಡಕ ತೆಗೆದು ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು. "ಒಳಗ ಯಾರ್ ಹೋಗ್ತಾರೋ ಹುಚ್ಚಾ? ಹಾವ್ ಇರ್ತಾವ, ಬಾವಲಿ ಇರ್ತಾವ. ನಾನೂ ಹೋಗಿಲ್ಲ. ನನಗಿಂತ ಮ್ಯಾಲಿನವ್ರೂ ಹೋಗಿಲ್ಲ. ನೀ ಈಗ ನಮ್ಮಾಂವ ಆದಿ ನೋಡು."

ಅವರು ನನ್ನನ್ನು ತಮ್ಮವನೆಂದು ಕರೆದಾಗ ಆದ ಅಸಹ್ಯವನ್ನು ಹೇಗೆ ಹೇಳಲಿ.

ಮತ್ತೆ ಕೇಳಿದೆ: ಲಾಯ ಅಲ್ಲ ಎಂದು ತಿದ್ದಿದರೆ ನಮ್ಮ ಕಚೇರಿಯೇ ಅದನ್ನು ರಕ್ಷಿಸಬಹುದಲ್ಲ? ಆಗುವುದಿಲ್ಲವಂತೆ. ನಮ್ಮ ಫಾರ್ಮಿನಲ್ಲಿ ಕಟ್ಟಿಸಿದವರ ಹೆಸರು, ಇಸವಿ ಎರಡೂ ಬೇಕು. ಏಳು ಕಮಾನಿನ ಮೇಲೆ ಒಂದು ಅಕ್ಷರವೂ ಇಲ್ಲ. "ಹೆಸರಿಲ್ಲದ್ದು ಇತರೆ ಅಂತ ಹೋಗ್ತದ. ಇತರೆಕ್ಕ ನಾವು ಏನೂ ಮಾಡೂದಿಲ್ಲ."

ನೀವು ಓದಿದ ರಿಜಿಸ್ಟರಿನಲ್ಲಿ ಒಂಬತ್ತು ಬಗೆಯಾದರೂ ಇದ್ದವು, ಅಬ್ಬಾ. ನಮ್ಮದರಲ್ಲಿ ಎರಡೇ ಇವೆ.

ನನ್ನ ವರದಿ ಮೇಲಿನ ಕಚೇರಿಯಿಂದ ಮಿಲಿಟರಿಗೆ ಹೋಗಿ, ಅವರು ಮೂವರು ಅಧಿಕಾರಿಗಳ ಸಮಿತಿ ಮಾಡಿದ್ದಾರೆ. ನಂಬರ್ ಏಳು ಲಾಯವೇ ಆಗಿದ್ದರೆ ಅದರ ಪಶುಗಳು ಯಾವ ಮೇವಿನ ಲೆಕ್ಕದಲ್ಲೂ ಏಕಿಲ್ಲ ಎಂಬುದು ಅವರ ಪ್ರಶ್ನೆ. ಲಾಯ ಎಂದು ಸಾಬೀತಾದರೆ ಉಳಿಯುತ್ತದೆ, ಮೊದಲಿನಂತೆ ರಿಪೇರಿಯಾಗುತ್ತದೆ. ಇಲ್ಲದಿದ್ದರೆ ಹೊಡೆದುಹಾಕಿ ಕಲ್ಲು ಲಿಲಾವು. ಸೆಪ್ಟೆಂಬರ್ ೨ರಂದು ಜಾಗಕ್ಕೆ ಬರುತ್ತಾರೆ. ವರದಿ ಬರೆದವನು ಹಾಜರಿರಬೇಕು.

ನಾನು ಏನು ಹೇಳಬೇಕು?

ಇಸಾಕ

•

ತಿಕೋಟಾ
೧೬ ಆಗಸ್ಟ್ ೧೯೭೪

ಇಸಾಕನಿಗೆ,

ನಾನು ಹೇಳಿಕೊಡುವುದಿಲ್ಲ. ನನ್ನದನ್ನು ನಾನು ಬರೆದೆ. ನಿನ್ನದು ನಿನಗೆ ಸೇರಿದ್ದು.

ಅಧಿಕಾರಿಗಳ ಮುಂದೆ ಮಾತಾಡುವಾಗ ಅವರ ಕಣ್ಣನ್ನು ನೋಡಬೇಡ, ಅಂಗಿಯ ಮೇಲಿನ ಗುಂಡಿಯನ್ನು ನೋಡು. ಧ್ವನಿ ನಡುಗುವುದಿಲ್ಲ. ಇಷ್ಟು ಮಾತ್ರ ನಾನು ಕಲಿತದ್ದು.

ಮಲಂಗಸಾಬ

•

ವಿಜಾಪುರ
೩ ಸೆಪ್ಟೆಂಬರ್ ೧೯೭೪

ಅಬ್ಬಾ,

ನಿನ್ನೆ ಜೀಪು ಬಾಗಿಲು ದಾಟುವಾಗ ನಿಮ್ಮನ್ನು ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಪಹರೆಯ ಗೂಡಿನ ಪಕ್ಕ ನಿಂತಿದ್ದಿರಿ. ಜೀಪಿಗೆ ಸಲಾಮು ಹೊಡೆದಿರಿ. ಮುಂದಿನ ಸೀಟಿನಲ್ಲಿದ್ದವರು ಯಾರೂ ತಿರುಗಿ ನೋಡಲಿಲ್ಲ. ನಾನು ಹಿಂದೆ ಶಾಂತಪ್ಪನವರ ಮತ್ತು ಭಾಗಪ್ಪನ ನಡುವೆ ಕೂತಿದ್ದೆ. ಇಳಿಯಬಹುದಿತ್ತು. ಇಳಿಯಲಿಲ್ಲ.

ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ಈ ಸಲ ನಾನು ಅಲ್ಲಿದ್ದೆ.

ಮೂವರಲ್ಲಿ ದೊಡ್ಡವರು ಮೇಜರ್. ಬಂದು ಮೂರು ತಿಂಗಳಾಗಿದೆಯಂತೆ. ವಿಜಾಪುರದಲ್ಲಿ ಎಲ್ಲಿ ನೋಡಿದರೂ ಗುಮ್ಮಟ, ಕಣ್ಣಿಗೆ ಬೇಸರ ಎಂದು ದಾರಿಯುದ್ದಕ್ಕೂ ಹೇಳಿದರು. ಎರಡನೆಯವರಿಗೆ ನೆಗಡಿ. ಮೂರನೆಯವರು ತೆಳ್ಳಗಿನ ತರುಣ, ಮೇಜರ್ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು, ಗುಮ್ಮಟದ ಬೇಸರವನ್ನೂ ಬರೆದುಕೊಂಡಿರಬೇಕು. ಅಧಿಕಾರಿಗಳೊಡನೆ ಮಾತೆಲ್ಲ ಹಿಂದಿಯಲ್ಲಿ ನಡೆಯಿತು, ಕನ್ನಡದಲ್ಲಿ ಬರೆಯುತ್ತೇನೆ.

ಒಳಗೆ ಹೋದೆವು. ನೀವು ಹೇಳಿದ್ದು ನಿಜ. ನೆಲ ಸ್ವಚ್ಛವಾಗಿತ್ತು. ತಂಪು, ಹಳೆಯ ಸುಣ್ಣದ ವಾಸನೆ, ಅಷ್ಟೇ. ಮೂರನೆಯ ಕಮಾನಿನ ಹಿಂದೆ ಆ ಗಿಳಿಗಳನ್ನು ನೋಡಿದೆ. ಎರಡು ಎಂದುಕೊಂಡಿದ್ದೆ, ಐದಿವೆ. ಒಂದು ತನ್ನ ರೆಕ್ಕೆಯಲ್ಲಿ ಕೊಕ್ಕು ಹುದುಗಿಸಿದೆ. ಅದರ ಬಗ್ಗೆ ನೀವು ಹೇಳಿರಲಿಲ್ಲ. ನನ್ನ ನಾಲ್ಕು ಪುಟಗಳಲ್ಲಿ ಅದು ಇಲ್ಲ. ಅಲ್ಲಿ ಇದ್ದದ್ದು ಒಂದೂ ಆ ನಾಲ್ಕು ಪುಟಗಳಲ್ಲಿ ಇಲ್ಲ. ಮಾಳಿಗೆಯ ಮೂಲೆಯಲ್ಲಿ ಒಂದು ಕಡೆ ಒದ್ದೆ ಹರಡಲು ತೊಡಗಿದೆ, ಅಂಗೈಯಗಲ.

ಮೇಜರ್ ಕೈಕೋಲಿನ ತುದಿಯಿಂದ ಒಂದು ಕಂಬದ ಬುಡ ಕುಟ್ಟಿ, "ಇದು ಲಾಯವೋ ಅಲ್ಲವೋ? ಮಧ್ಯಾಹ್ನದೊಳಗೆ ಮುಗಿಸಬೇಕು" ಎಂದರು.

ಭಾಗಪ್ಪ ಟೋಪಿ ತೆಗೆದ. "ಸಾಹೇಬ್ರ, ಇದ ಲಾಯಾ ಎಲ್ಲಿದ್ರಿ? ಹುಲ್ಲಿಲ್ಲ, ಲದ್ದಿಲ್ಲ. ಹಳೀ ಕಲ್ಲ ಬಿದ್ದಾವ. ನಾ ಒಯ್ದ ಬಿಡ್ತೀನಿ, ನಿಮಗೂ ಜಾಗಾ ಸ್ವಚ್ಛ ಆಕ್ಕತಿ." ಶಾಂತಪ್ಪನವರು ಅದನ್ನು ಹಿಂದಿಗೆ ತಿರುಗಿಸಿ ಹೇಳಿದರು. ಹನ್ನೊಂದು ವರ್ಷದಲ್ಲಿ ಅವರು ಮಾಡಿದ ಮೊದಲ ಅನುವಾದ ಅದೇ ಇರಬೇಕು.

ಆಗ ತರುಣ ಅಧಿಕಾರಿ ನನ್ನ ವರದಿ ತೆಗೆದರು. ಯಾರೋ ಅದನ್ನು ಇಂಗ್ಲಿಷಿಗೆ ಇಳಿಸಿದ್ದರು. ಚರಿತ್ರೆ, ಶಿಲ್ಪಿ, ಸೌಂದರ್ಯ ಎಲ್ಲ ಉದುರಿಹೋಗಿ ಒಂದೇ ಸಾಲು ಉಳಿದಿತ್ತು. ಅದನ್ನು ಓದಿದರು: ಒಳಗೆ ಹೇಸರಗತ್ತೆಯ ಮೂತ್ರದ ಘಾಟು ಇದೆ.

"ಇದನ್ನು ಬರೆದವರು ನೀವೇನಾ?" ಎಂದರು ಮೇಜರ್.

"ಹೌದು ಸರ್."

"ನೀವೇ ವಾಸನೆ ನೋಡಿದಿರಾ?"

ಇಲ್ಲ ಎಂದರೆ ನಿಜ. ನಿಜ ಹೇಳಿದರೆ ಕಲ್ಲು ಬಬಲೇಶ್ವರಕ್ಕೆ. ಶಾಂತಪ್ಪನವರು ತಮ್ಮ ಚಪ್ಪಲಿ ನೋಡುತ್ತಿದ್ದರು. ನಾನು ಮೇಜರರ ಎರಡನೆಯ ಗುಂಡಿಯನ್ನು ನೋಡಿದೆ.

"ನೋಡಿದೆ ಸರ್. ಹೇಸರಗತ್ತೆಯದೇ."

"ಈಗ ಬರುತ್ತಿಲ್ಲವಲ್ಲ?"

"ನೀವು ಬರುತ್ತೀರೆಂದು ತೊಳೆದಿದ್ದಾರೆ ಸರ್. ಗೋಡೆಯ ಹತ್ತಿರ ನಿಂತರೆ ತಿಳಿಯುತ್ತದೆ."

ಮೇಜರ್ ಗೋಡೆಯ ಹತ್ತಿರ ಹೋಗಿ ಮೂಗು ಏರಿಸಿದರು. ಮುಖ ಸಿಂಡರಿಸಿ, "ಹೌದು, ಇದೆ" ಎಂದರು. ತರುಣ ಅಧಿಕಾರಿ ಗಿಳಿಗಳ ಕೆಳಗೆ ನಿಂತು ಮೂಸಿ, "ಬಹಳ ಇದೆ ಸರ್" ಎಂದು ಬರೆದುಕೊಂಡರು. ನೆಗಡಿಯವರೂ ಕರವಸ್ತ್ರ ತೆಗೆದು ಒಂದು ಸಲ ಎಳೆದುಕೊಂಡು ತಲೆಯಾಡಿಸಿದರು. ಕಡೆಗೆ ಶಾಂತಪ್ಪನವರು ಬಂದು ಮೂಸಿ, "ಏನ್ ನಾತ ಮಾರಾಯಾ!" ಎಂದರು.

ಐದು ಗಿಳಿಗಳ ಕೆಳಗೆ ನಾಲ್ವರು ಸರಕಾರಿ ಮೂಗುಗಳನ್ನು ಎತ್ತಿ ನಿಂತಿದ್ದರು, ಒಬ್ಬರೂ ಕಣ್ಣು ಎತ್ತಲಿಲ್ಲ. ಇಷ್ಟು ವರ್ಷ ನಿಮ್ಮನ್ನು ತಿರಸ್ಕಾರದಿಂದ ನೋಡಿದೆ. ಅದನ್ನು ಉಳಿಸಿಕೊಂಡು ನಿನ್ನೆ ಇವರ ಮೇಲೆ ಖರ್ಚು ಮಾಡಬೇಕಾಗಿತ್ತು.

ಅವರು ಬರೆದದ್ದು: "ಲಾಯ. ಹದಿನಾಲ್ಕು ಪಶುಗಳಿಗೆ. ಸ್ಥಿತಿ ಉತ್ತಮ. ಸದ್ಯ ಖಾಲಿ." ಭಾಗಪ್ಪ ಟೇಪು ಸುತ್ತಿಕೊಂಡ. ಹಿಂದಿರುಗುವಾಗ ನೀವು ಬಾಗಿಲ ಹತ್ತಿರ ಇರಲಿಲ್ಲ.

ಇಸಾಕ

•

ತಿಕೋಟಾ
೯ ಸೆಪ್ಟೆಂಬರ್ ೧೯೭೪

ಇಸಾಕನಿಗೆ,

ಪತ್ರ ತಲುಪಿತು. ಗವಂಡಿ ೭ರಂದು ಬಂದು ದೋಣಿಯ ಕಸ ತೆಗೆದ, ಬಿರುಕು ಮುಚ್ಚಿದ. ಒದ್ದೆ ನಿಂತಿದೆ.

ರೆಕ್ಕೆಯಲ್ಲಿ ಕೊಕ್ಕು ಹುದುಗಿಸಿದ್ದು ಬಲದಿಂದ ಎರಡನೆಯದು. ಅದನ್ನು ನೋಡಿದೆ ಎಂದು ಬರೆದದ್ದು ಒಳ್ಳೆಯದಾಯಿತು.

ಸಮಿತಿಯವರು "ಸದ್ಯ ಖಾಲಿ" ಎಂದು ಬರೆದದ್ದು ನನಗೆ ಸೇರಲಿಲ್ಲ. ನಾನು ಆ ಕಾಲಮಿನಲ್ಲಿ ಎಂದೂ ಆ ಮಾತು ಬರೆದಿರಲಿಲ್ಲ.

ಮಲಂಗಸಾಬ

•

ವಿಜಾಪುರ
೨ ಅಕ್ಟೋಬರ್ ೧೯೭೪

ಅಬ್ಬಾ,

ನಮ್ಮ ಪಟ್ಟಿ ಅಚ್ಚಿಗೆ ಹೋಗುತ್ತಿದೆ. ಶಾಂತಪ್ಪನವರು ನನ್ನ ನಾಲ್ಕು ಪುಟಗಳನ್ನು ಹಾಗೆಯೇ ಹಾಕಬೇಕೆಂದರು. ಓದಿದವರು ಬಹಳ ಮೆಚ್ಚುತ್ತಾರಂತೆ. ಆದರೆ ಓದಿದವರು ಬಂದು ನೋಡುತ್ತಾರೆ, ನೋಡಿದವರು ಮತ್ತೆ ಅರ್ಜಿ ಬರೆಯುತ್ತಾರೆ. ನಾನೇ ಕೆಂಪು ಶಾಯಿಯಲ್ಲಿ ನಾಲ್ಕನ್ನೂ ಹೊಡೆದುಹಾಕಿದೆ. ಅದರ ಜಾಗದಲ್ಲಿ ಬರೆದದ್ದು: "ನಂಬರ್ ಏಳು. ಲಾಯ. ನೋಡತಕ್ಕದ್ದು ಏನೂ ಇಲ್ಲ."

ನಾನು ಇದುವರೆಗೆ ಬರೆದದ್ದರಲ್ಲಿ ಅದೇ ಚೆನ್ನಾಗಿದೆ ಎನಿಸುತ್ತದೆ. "ಸದ್ಯ ಖಾಲಿ" ಎಂದರೆ ಏನಾದರೂ ತೊಂದರೆಯಿದೆಯೇ? ನೀವು ಬರೆದದ್ದು ಅರ್ಥವಾಗಲಿಲ್ಲ.

ಇಸಾಕ

•

ತಿಕೋಟಾ
೨೦ ಅಕ್ಟೋಬರ್ ೧೯೭೪

ಇಸಾಕನಿಗೆ,

ಹೇಸರಗತ್ತೆಗಳು ಬಂದಿವೆ. ಹದಿನಾಲ್ಕು.

ಖಾಲಿ ಎಂದು ಬರೆದದ್ದನ್ನು ಮೇಲೆ ಯಾರೋ ಓದಿದ್ದಾರೆ. ಉತ್ತಮ ಸ್ಥಿತಿಯ ಲಾಯ ಖಾಲಿ ಇರುವುದು ನಷ್ಟವೆಂದು ಸೋಲಾಪುರದ ಕಡೆಯಿಂದ ರೈಲಿನಲ್ಲಿ ತಂದು, ವಿಜಾಪುರ ಸ್ಟೇಷನ್ನಿನಿಂದ ನಡೆಸಿಕೊಂಡು ಬಂದರು. ನಿನ್ನ ಕೋಣೆಯ ಕೆಳಗಿನ ರಸ್ತೆಯಲ್ಲೇ ಹೋಗಿರಬೇಕು. ೧೧ನೇ ತಾರೀಖು, ಬೆಳಿಗ್ಗೆ. ನೀನು ನೋಡಿದೆಯೋ ಇಲ್ಲವೋ.

ಕಮಾನಿಗೆ ಎರಡರಂತೆ ಕಟ್ಟಿದ್ದಾರೆ. ಕಬ್ಬಿಣದ ಬಳೆಗಳನ್ನು ಗೋಡೆಗೆ ಹೊಡೆದರು. ಬಳೆ ಎಲ್ಲಿ ಹೊಡೆಯಬೇಕೆಂದು ತೋರಿಸಲು ಹಳೆಯ ಕಾರಕೂನನೆಂದು ನನ್ನನ್ನು ಒಳಗೆ ಕರೆದರು. ಐದು ವರ್ಷದ ಮೇಲೆ ಕಾಲಿಟ್ಟೆ. ಗಚ್ಚು ಇಲ್ಲದ ಕಡೆ ತೋರಿಸಿದೆ. ಎರಡು ಬಳೆಗೆ ಅಂಥ ಜಾಗ ಸಿಗಲಿಲ್ಲ. ದಾಳಿಂಬೆಯ ಕೆಳಗಿನ ಕೊಂಬೆ ಹೋಯಿತು.

ಪಶುಗಳನ್ನು ನೋಡಿಕೊಳ್ಳುವವನು ಉತ್ತರದ ಬೆಟ್ಟಗಳ ಕಡೆಯ ಸಿಪಾಯಿ. ಒಳ್ಳೆಯವನು. ನಿನ್ನ ತಾಯಿ ಕಟ್ಟಿಕೊಟ್ಟ ರೊಟ್ಟಿಯನ್ನು ಇಬ್ಬರೂ ತಿನ್ನುತ್ತೇವೆ. ನಾನು ದಿನಾ ಹೋಗುತ್ತೇನೆ, ಈಗ ತಡೆಯುವುದಿಲ್ಲ. ಮೂತ್ರ ಗೋಡೆಗೆ ಹೋಗದಂತೆ ಇಬ್ಬರೂ ಸೇರಿ ನೆಲಕ್ಕೆ ಇಳಿಜಾರು ಮಾಡಿದ್ದೇವೆ. ನೀನು ಬರೆದ ಘಾಟು ಈಗ ನಿಜವಾಗಿಯೂ ಇದೆ. ಅಷ್ಟೇನೂ ಕೆಟ್ಟದಾಗಿಲ್ಲ.

ತೊಂದರೆ ಬೇರೆ ಇದೆ. ಅವು ಗೋಡೆ ನೆಕ್ಕುತ್ತವೆ. ಹಳೆಯ ಗೋಡೆಯಲ್ಲಿ ಉಪ್ಪು ಬೆಳ್ಳಗೆ ಹೊರಬರುತ್ತದೆ, ಅದರ ರುಚಿ ಹತ್ತಿದೆ. ಮೂರನೆಯ ಕಮಾನಿನ ಹೆಣ್ಣು ಹೇಸರಗತ್ತೆ ಕಟ್ಟಿದಲ್ಲಿಂದ ಕತ್ತು ಚಾಚಿದರೆ ಗಿಳಿಗಳಿಗೆ ನಾಲಿಗೆ ಮುಟ್ಟುತ್ತದೆ. ಎಡತುದಿಯ ಗಿಳಿಯ ಬಾಲ ನುಣ್ಣಗಾಗಿದೆ. ಸಿಪಾಯಿ ಹೇಳಿದ: ಪ್ರತಿಯೊಂದರ ಮುಂದೆ ಸೈಂಧವ ಉಪ್ಪಿನ ಗಟ್ಟಿ ತೂಗುಬಿಟ್ಟರೆ ಅದನ್ನೇ ನೆಕ್ಕುತ್ತವೆ, ಗೋಡೆಯ ಕಡೆ ಹೋಗುವುದಿಲ್ಲ. ಮಿಲಿಟರಿಯಿಂದ ತರಿಸಲು ಅರ್ಜಿ ಹಾಕಿದ್ದಾನೆ. ಅದು ಯಾವಾಗ ಬರುತ್ತದೆಂದು ನನಗೆ ಗೊತ್ತು. ತಿಕೋಟಾದ ಅಂಗಡಿಯಲ್ಲಿ ಪುಡಿ ಮಾತ್ರ ಇದೆ.

ಸ್ಟೇಷನ್ ರಸ್ತೆಯ ಗಿಡಮೂಲಿಕೆ ಅಂಗಡಿಗಳಲ್ಲಿ ಗಟ್ಟಿ ಸಿಗುತ್ತದೆ. ಹದಿನಾಲ್ಕು ತೆಗೆದುಕೊಂಡು ಭಾನುವಾರದ ಮೊದಲ ಬಸ್ಸಿಗೆ ಬಾ. ತಿಕೋಟಾದಲ್ಲಿ ಇಳಿಯಬೇಡ, ಹೊನವಾಡದ ಕಡೆಗೆ ಟಿಕೀಟು ತೆಗೆದುಕೊಂಡು ಚಾಂದಮಾರಿಯ ಬಾಗಿಲಲ್ಲೇ ಇಳಿ. ನಾನು ಒಳಗೆ ಇರುತ್ತೇನೆ. ಪಹರೆಯವನು ಕೇಳಿದರೆ ಲಾಯದ ಕೆಲಸಕ್ಕೆ ಬಂದಿದ್ದೇನೆ ಎಂದು ಹೇಳು.

ಮುಷ್ಟಿಗಿಂತ ಸಣ್ಣ ಗಟ್ಟಿ ಕೊಟ್ಟರೆ ತರಬೇಡ. ಎರಡು ದಿನಕ್ಕೆ ಮುಗಿಸಿ ಮತ್ತೆ ಗೋಡೆಗೆ ತಿರುಗುತ್ತವೆ.

ಮಲಂಗಸಾಬ